ದನ ಬರೋ ಹೊತ್ತು

ಸಂಜೆ ಐದೂವರೆ ಆಗುತ್ತಿದ್ದ ಹಾಗೆ ಅತ್ತೆ ಎದ್ದು ಕೋಣೆಗೆ ಹೋಗುತ್ತಾರೆ. ಮಂಚದ ಮೇಲೆ ಒಂದು ಹಳೇ ಸೀರೆ ಹಾಸುತ್ತಾರೆ. ಅದರ ಮೇಲೆ ಒಂದು ಟವೆಲ್ಲು, ಎರಡು ರವಿಕೆ, ದೇವರಮನೆಯ ಕುಂಕುಮದ ಭರಣಿ, ಕೆಲವು ಸಲ ಟೀವಿ ರಿಮೋಟು ಇಟ್ಟು ನಾಲ್ಕು ಮೂಲೆ ಸೇರಿಸಿ ಗಂಟು ಕಟ್ಟುತ್ತಾರೆ. ಆ ಗಂಟು ಮಾತ್ರ ಇವತ್ತಿಗೂ ಎಷ್ಟು ಬಿಗಿ ಅಂದರೆ ಬಿಚ್ಚಬೇಕಾದರೆ ನಾನು ಹಲ್ಲು ಹಾಕಬೇಕು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಿಗೆ ಬಂದು, "ನಾನು ಬರ್ತೀನಿ ಕಣಮ್ಮ, ಹೊತ್ತಾಯ್ತು. ದನ ಬಂದಿರ್ತವೆ. ಕೆಂಪಿ ನನ್ನ ಬಿಟ್ರೆ ಬೇರೆಯವ್ರಿಗೆ ಹಾಲು ಕೊಡಲ್ಲ" ಅನ್ನುತ್ತಾರೆ.

ಕೆಂಪಿಯನ್ನು ಮಾರಿ 11 ವರ್ಷ ಆಯಿತು. 2013ರಲ್ಲಿ ಮಾವ ತೀರಿಹೋದರು. ಮರುವರ್ಷ ತೀರ್ಥಹಳ್ಳಿ ಕಡೆಯ ಮನೆಗೆ ಬೀಗ ಹಾಕಿ, ಒಂದೂವರೆ ಎಕರೆ ತೋಟವನ್ನು ಚೇಣಿಗೆ ಕೊಟ್ಟು, ಅತ್ತೆಯನ್ನು ಶಿವಮೊಗ್ಗದ ನಮ್ಮನೆಗೆ ಕರೆದುಕೊಂಡು ಬಂದೆವು. ಕೊಟ್ಟಿಗೆ ಖಾಲಿಯಾದ ದಿನ ಅತ್ತೆ ಒಂದು ಮಾತೂ ಆಡಿರಲಿಲ್ಲ. ಈಗ ದಿನಾ ಆಡುತ್ತಾರೆ.

ಮೊದಮೊದಲು ನಾನು ನಿಜ ಹೇಳುತ್ತಿದ್ದೆ. "ಅತ್ತೆ, ಇದೇ ನಮ್ಮನೆ. ದನ ಎಲ್ಲಾ ಮಾರಿ ಆಯ್ತಲ್ಲ." "ಮಾರಿದ್ರಾ? ಇವ್ರು ಒಪ್ಪಿದ್ರಾ? ಇವ್ರೆಲ್ಲಿ?" "ಮಾವ ತೀರ್ಕೊಂಡ್ರಲ್ಲ ಅತ್ತೆ." ಒಂದೇ ಸಂಜೆಯಲ್ಲಿ ಈ ಮಾತು ನಾಲ್ಕು ಸಲ ನಡೆಯಿತು. ನಾಲ್ಕು ಸಲವೂ ಅತ್ತೆ ಈಗಷ್ಟೇ ಸುದ್ದಿ ಕೇಳಿದವರ ಹಾಗೆ ನೆಲಕ್ಕೆ ಕೂತು ಅತ್ತರು. ನಾಲ್ಕನೇ ಸಲ "ನಂಗ್ಯಾಕೆ ಯಾರೂ ಹೇಳ್ಕಳಿಸ್ಲಿಲ್ಲ?" ಅಂತ ಕೇಳಿದರು. ಅವತ್ತಿಗೇ ಆ ನಿಜ ಹೇಳುವುದನ್ನು ಬಿಟ್ಟೆ. ಈಗ ನಾನೂ ಚಪ್ಪಲಿ ಮೆಟ್ಟಿಕೊಂಡು ಅವರ ಜೊತೆ ಗೇಟು ದಾಟುತ್ತೇನೆ. ಕ್ರಾಸಿನ ತುದಿಯ ಹಾಲಿನ ಬೂತಿನ ತನಕ ಹೋಗಿ ತಿರುಗುತ್ತೇವೆ. ತಿರುಗಿ ಬರುವಾಗ, "ಕೆಂಪಿ ಬಂದ್ಲಾ?" ಅಂದರೆ "ಬಂದ್ಲು ಅತ್ತೆ, ಕರು ಕಟ್ಟಿ ಹುಲ್ಲು ಹಾಕಿದೀನಿ" ಅನ್ನುತ್ತೇನೆ. ಮುಸ್ಸಂಜೆಯ ಈ ತಳಮಳ ಮರೆವಿನ ಕಾಯಿಲೆಯವರಲ್ಲಿ ಸಾಮಾನ್ಯವಂತೆ. ಬೆಳಕು ಇಳಿಯುವ ಹೊತ್ತಿಗೆ ಗಾಬರಿ, ಅಲೆದಾಟ, ಸಿಟ್ಟು ಹೆಚ್ಚಾಗುತ್ತೆ, ಅದಕ್ಕೆ ಇಂಗ್ಲಿಷಿನಲ್ಲಿ ಸನ್‌ಡೌನಿಂಗ್ ಅನ್ನುತ್ತಾರೆ ಅಂತ ಡಾಕ್ಟರು ಹೇಳಿದರು. ನಮ್ಮನೆಯಲ್ಲಿ ಅದಕ್ಕೆ ದನ ಬರೋ ಹೊತ್ತು ಅಂತಲೇ ಹೆಸರು.

ಇದನ್ನೆಲ್ಲ ಬರೆಯಲು ಕೂತಿದ್ದಕ್ಕೆ ಕಾರಣ ಇದೆ. ಹೋದ ತಿಂಗಳು ನೆಂಟರೊಬ್ಬರ ಮನೆಯ ಗೃಹಪ್ರವೇಶಕ್ಕೆ ಒಂದೂವರೆ ಗಂಟೆಯ ಮಟ್ಟಿಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಮೂವರು ಬೇರೆ ಬೇರೆ ಹೊತ್ತಿನಲ್ಲಿ ಒಂದೇ ಮಾತು ಹೇಳಿದರು: "ನೀನು ಪುಣ್ಯವಂತೆ ಕಣೇ, ಅತ್ತೆ ಸೇವೆ ಮಾಡೋ ಭಾಗ್ಯ ಎಲ್ರಿಗೂ ಸಿಗಲ್ಲ." ಮೂವರೂ ಒಳ್ಳೆಯವರು, ಪ್ರೀತಿಯಿಂದಲೇ ಅಂದದ್ದು. ಆದರೆ ಆ ಮಾತು ಕೇಳಿದ ಮೇಲೆ ಅನ್ನ ಇಳಿಯಲಿಲ್ಲ. ಪುಣ್ಯವಂತೆ ಅಂದುಬಿಟ್ಟರೆ ಮುಂದೆ ಮಾತಾಡುವ ದಾರಿಯೇ ಮುಚ್ಚಿಹೋಗುತ್ತೆ. ನಿದ್ದೆ ಇಲ್ಲ ಅನ್ನುವ ಹಾಗಿಲ್ಲ, ಸಿಟ್ಟು ಬರುತ್ತೆ ಅನ್ನುವ ಹಾಗಂತೂ ಇಲ್ಲವೇ ಇಲ್ಲ. ನನಗೆ ಪುಣ್ಯ ಬೇಡ. ಶನಿವಾರ ನಾಲ್ಕರಿಂದ ಏಳರ ತನಕ ಯಾರಾದರೂ ಬಂದು ಅತ್ತೆ ಹತ್ತಿರ ಕೂತರೆ ಸಾಕು.

ಶುರುವಾಗಿದ್ದು ಉಪ್ಪಿನಕಾಯಿಯಿಂದ. ಅತ್ತೆ ಹಾಕುವ ಅಪ್ಪೆಮಿಡಿ ಎರಡು ವರ್ಷ ಇಟ್ಟರೂ ಕೆಡುತ್ತಿರಲಿಲ್ಲ. ಮಿಡಿಯ ತೊಟ್ಟು ಮುರಿದು, ಒರೆಸಿ, ಭರಣಿಗೆ ಒಂದು ಸುತ್ತು ಮಿಡಿ ಒಂದು ಸುತ್ತು ಕಲ್ಲುಪ್ಪು ಹಾಕಿ, ಮಿಡಿ ಚಿರುಟುವ ತನಕ ಬಿಟ್ಟು, ಆಮೇಲೆ ಅದೇ ಉಪ್ಪುನೀರಲ್ಲಿ ಸಾಸಿವೆ ಮೆಣಸು ಅರೆಯುತ್ತಿದ್ದರು. ಅಳತೆ ಎಲ್ಲ ಕೈಯಲ್ಲೇ. 2018ರ ಬೇಸಿಗೆಯಲ್ಲಿ 500 ಮಿಡಿ ತಂದಿದ್ದೆವು. ಮೂರು ವಾರ ಬಿಟ್ಟು ಭರಣಿಯ ಬಾಯಿಬಟ್ಟೆ ಬಿಚ್ಚಿದರೆ ಬೂಷ್ಟು. ಉಪ್ಪು ಹಾಕಿದ್ದೇ ಮೇಲಿನ ಒಂದು ಪದರಕ್ಕೆ ಮಾತ್ರ. ಅತ್ತೆ ಭರಣಿಯನ್ನೂ ನನ್ನನ್ನೂ ನೋಡಿ, "ಯಾರು ಹಾಕಿದ್ದು ಇದನ್ನ?" ಅಂದರು. ನಾನು ನಕ್ಕುಬಿಟ್ಟೆ. ಇವರೂ ನಕ್ಕರು. ಅರವತ್ತಕ್ಕೆ ಅರಳುಮರಳು ಅಂತ ಗಾದೆಯೇ ಇದೆಯಲ್ಲ, ಅವರಿಗಾಗಲೇ 71. ಆ ಗಾದೆಯನ್ನು ನಂಬಿ ನಾವು ಒಂದೂವರೆ ವರ್ಷ ಕಳೆದೆವು. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಅಂದುಕೊಳ್ಳುವುದು ಎಷ್ಟು ಸುಲಭವೋ ಅಷ್ಟೇ ನಷ್ಟ. ಮರೆವಿಗೆ ಥೈರಾಯ್ಡ್ ಕಾರಣ ಇರಬಹುದು, ಬಿ12 ಕೊರತೆ ಇರಬಹುದು, ಖಿನ್ನತೆಯೂ ಇರಬಹುದು. ಅವಕ್ಕೆಲ್ಲ ಔಷಧಿ ಉಂಟು. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗೆ ಶುರುವಾಗಿದ್ದರೆ ಗಾದೆ ಹೇಳುತ್ತಾ ಕೂರಬೇಡಿ, ರಕ್ತ ಪರೀಕ್ಷೆ ಮಾಡಿಸಿ.

2020ರ ಜನವರಿಯಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು. ಇದು ಯಾವ ತಿಂಗಳು ಅಂತ ಕೇಳಿದರು. "ಆಷಾಢ ಅಲ್ವಾ, ಅಡಿಕೆಗೆ ಕೊಳೆ ಔಷಧಿ ಹೊಡೆಯೋ ಕಾಲ" ಅಂದರು ಅತ್ತೆ. ಹೊರಗೆ ಬಿಸಿಲು ಸುಡುತ್ತಿತ್ತು. ಗಡಿಯಾರದ ಚಿತ್ರ ಬರೆಯಿರಿ ಅಂದಾಗ ದುಂಡಗೆ ಒಂದು ಸುತ್ತು ಹಾಕಿ, ಅದರೊಳಗೆ ಸಾಲಾಗಿ ಚುಕ್ಕಿ ಇಡತೊಡಗಿದರು, ರಂಗೋಲಿಗೆ ಇಟ್ಟ ಹಾಗೆ. ಪೆನ್ನು ಕೆಳಗಿಡಲೇ ಇಲ್ಲ. ಪಕ್ಕದಲ್ಲಿ ಕೂತಿದ್ದ ಇವರು ಎದ್ದು ಹೊರಗೆ ಹೋದರು. ಬಿ12 ಕಡಿಮೆ ಇತ್ತು, ಇಂಜೆಕ್ಷನ್ ಕೊಟ್ಟರು. ಆದರೆ ಎಂಆರ್‌ಐನಲ್ಲಿ ನೆನಪಿನ ಭಾಗ ಸವೆದಿದ್ದು ಕಾಣುತ್ತಿತ್ತು. ಆಲ್‌ಝೈಮರ್ ಅಂದರು. ಡೊನೆಪೆಝಿಲ್ ಮಾತ್ರೆ, ಮೊದಲು 5 ಮಿಲಿಗ್ರಾಂ, ಆಮೇಲೆ 10. ಇದು ಗುಣ ಮಾಡುವ ಮಾತ್ರೆಯಲ್ಲ, ಸ್ವಲ್ಪ ಕಾಲ ಸ್ವಲ್ಪ ಅನುಕೂಲ ಆಗಬಹುದು ಅಷ್ಟೇ ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ಹಾಗೆ ಹೇಳಿದ್ದಕ್ಕೆ ಇವತ್ತಿಗೂ ಅವರ ಮೇಲೆ ಗೌರವ ಇದೆ.

ಎರಡನೇ ವರ್ಷಕ್ಕೆ ಸರದ ಪ್ರಕರಣ ಆಯಿತು. ಅತ್ತೆಯ ಎರಡೆಳೆ ಸರ ಕಾಣೆಯಾಯಿತು. ನಾನು ಮನೆಯೆಲ್ಲ ಹುಡುಕುತ್ತಿದ್ದರೆ ಅತ್ತೆ ಕಾಂಪೌಂಡಿನ ಹತ್ತಿರ ನಿಂತು ಪಕ್ಕದ ಮನೆಯವರಿಗೆ, "ಸೊಸೆ ನನ್ನ ಸರ ಮಾರ್ಕೊಂಡ್ಳು. ಮೂರು ದಿನ ಆಯ್ತು, ಒಂದು ಹಿಡಿ ಅನ್ನ ಹಾಕಿಲ್ಲ" ಅನ್ನುತ್ತಿದ್ದರು. ಅರ್ಧ ಗಂಟೆ ಮುಂಚೆ ನನ್ನ ಕೈಯಿಂದಲೇ ಎರಡು ಕಡುಬು ತಿಂದಿದ್ದರು. ಅದನ್ನಾದರೂ ನುಂಗಿಕೊಂಡೆ. ಸಂಜೆ ಹುಬ್ಬಳ್ಳಿಯಿಂದ ನಾದಿನಿ ಫೋನ್ ಮಾಡಿ, ಮಾತಿನ ನಡುವೆ ಮೆತ್ತಗೆ, "ಅತ್ತಿಗೆ, ಅಮ್ಮಂಗೆ ಊಟ ಸರಿಯಾಗಿ ಆಗ್ತಿದೆ ತಾನೆ?" ಅಂದಳು. ಆ "ತಾನೆ" ಇದೆಯಲ್ಲ, ಅದು ನನ್ನ ಎದೆಯಲ್ಲಿ ತಿಂಗಳುಗಟ್ಟಲೆ ಮುಳ್ಳಾಗಿ ಉಳಿಯಿತು. 26 ವರ್ಷ ಈ ಮನೆಯಲ್ಲಿ ಇದ್ದ ಮೇಲೂ ನನ್ನನ್ನು ಹಾಗೆ ಕೇಳಬಹುದು ಅಂತ ಆಯಿತು. ಸರ ಆಮೇಲೆ ಅಕ್ಕಿ ಡಬ್ಬಿಯ ತಳದಲ್ಲಿ ಸಿಕ್ಕಿತು, ಕರ್ಚೀಫಿನಲ್ಲಿ ಸುತ್ತಿಟ್ಟಿದ್ದರು. ಕಳ್ಳರ ಕೈಗೆ ಸಿಗಬಾರದು ಅಂತ ಬಚ್ಚಿಡುವುದು, ಇಟ್ಟಿದ್ದನ್ನು ಮರೆಯುವುದು, ಆಮೇಲೆ ಹತ್ತಿರ ಯಾರು ಇರುತ್ತಾರೋ ಅವರೇ ಕಳ್ಳರಾಗುವುದು. ಈ ಕಾಯಿಲೆಯನ್ನು ಜರ್ಮನಿಯ ಆಲೋಯಿಸ್ ಆಲ್‌ಝೈಮರ್ 1906ರಲ್ಲಿ ಮೊದಲ ಸಲ ವರದಿ ಮಾಡಿದ್ದು ಒಬ್ಬ ಹೆಂಗಸಿನ ಬಗ್ಗೆ. ಆಕೆಯೂ ಮೊದಮೊದಲು ಗಂಡನ ಮೇಲೆ ಅನುಮಾನ ಪಡುತ್ತಿದ್ದರಂತೆ, ಸಾಮಾನುಗಳನ್ನು ಎಲ್ಲೆಲ್ಲೋ ಒಯ್ದು ಬಚ್ಚಿಡುತ್ತಿದ್ದರಂತೆ. ಅದನ್ನು ಓದಿದ ದಿನ ಒಂಥರಾ ಸಮಾಧಾನ ಆಯಿತು. ಅತ್ತೆ ಹಾಗಂದಿದ್ದು ನನ್ನ ಮೇಲಿನ ಹಳೇ ಸಿಟ್ಟಿನಿಂದಲ್ಲ. ನಮ್ಮಿಬ್ಬರ ನಡುವೆ ಹಳೇ ಸಿಟ್ಟುಗಳು ಇದ್ದವು, ಇಲ್ಲ ಅನ್ನಲಾರೆ. ಆದರೆ ಅವತ್ತು ಮಾತಾಡಿದ್ದು ಕಾಯಿಲೆ.

ನನ್ನದು ಹೊಲಿಗೆ ಕೆಲಸ. ರವಿಕೆ, ಸೀರೆಗೆ ಫಾಲ್ಸು, ಕುಚ್ಚು. ಮುಂದಿನ ಕೋಣೆಯಲ್ಲಿ ಎರಡು ಮಿಷನ್ನು ಇಟ್ಟುಕೊಂಡು, ಮದುವೆ ಸೀಜನ್ನಿನಲ್ಲಿ ಇಬ್ಬರು ಹುಡುಗಿಯರನ್ನು ಕೆಲಸಕ್ಕೆ ಕರೆಯುವಷ್ಟು ಗಿರಾಕಿ ಇತ್ತು. ಒಂದು ದಿನ ನಾನು ಹಾಲು ಉಕ್ಕುತ್ತೆ ಅಂತ ಅಡುಗೆಮನೆಗೆ ಓಡಿ ಬರುವಷ್ಟರಲ್ಲಿ ಅತ್ತೆ ಒಬ್ಬರ ರೇಷ್ಮೆ ರವಿಕೆ ಬಟ್ಟೆಯನ್ನು ಕತ್ತರಿಯಿಂದ ಸಣ್ಣ ಸಣ್ಣ ಚೌಕ ಮಾಡಿಟ್ಟಿದ್ದರು. ಕೌದಿಗೆ ಅಂತ. ಆ ಚೌಕಗಳು ಎಷ್ಟು ಸಮ ಇದ್ದವು ಅಂದರೆ ನಾನು ಗೆರೆ ಹಾಕಿ ಕತ್ತರಿಸಿದರೂ ಹಾಗೆ ಬರುತ್ತಿರಲಿಲ್ಲ. ಗಿರಾಕಿಗೆ ದುಡ್ಡು ಕೊಟ್ಟೆ. ಒಬ್ಬೊಬ್ಬರಾಗಿ ಬರುವುದು ಬಿಟ್ಟರು, ಆಮೇಲೆ ನಾನೇ ಬೋರ್ಡು ಇಳಿಸಿದೆ. ನನ್ನ ದುಡಿಮೆ ನಿಂತಿದ್ದನ್ನು ಖರ್ಚಿನ ಲೆಕ್ಕದಲ್ಲಿ ಯಾರೂ ಬರೆಯಲಿಲ್ಲ. ಡೈಪರಿಗೆ ಇಷ್ಟು, ಮಾತ್ರೆಗೆ ಇಷ್ಟು ಅಂತ ಬೆಂಗಳೂರಿನ ಮೈದುನ ತಿಂಗಳು ತಿಂಗಳು ದುಡ್ಡು ಹಾಕುತ್ತಿದ್ದ, ಒಂದು ತಿಂಗಳೂ ತಪ್ಪಿಸಿಲ್ಲ. ಹಗಲು ನೋಡಿಕೊಳ್ಳಲು ಒಬ್ಬರನ್ನು ಇಟ್ಟೂ ನೋಡಿದೆವು. ಸ್ನಾನ ಮಾಡಿಸುವಾಗ ಅತ್ತೆ ತಂಬಿಗೆಯಿಂದ ಹೊಡೆದರು, ಒಂಬತ್ತನೇ ದಿನ ಆಕೆ ಬಿಟ್ಟು ಹೋದರು. ಅವರನ್ನು ತಪ್ಪು ಅನ್ನಲಾರೆ.

ಇವರ ಬಗ್ಗೆ ಒಂದು ಮಾತು ಹೇಳಬೇಕು. ಮಗನಾದವನು ತಾಯಿಯ ಸೀರೆ ಬದಲಿಸಲಾರ, ಅತ್ತೆಯೂ ಬಿಡುವುದಿಲ್ಲ. ಹಾಗಾಗಿ ಕೈ ಕೆಲಸವೆಲ್ಲ ನನ್ನ ಮೇಲೇ. ಇವರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ, ಏಳೂವರೆಗೆ ಬರಬೇಕಾದವರು ದಿನಾ ಎಂಟರ ಹತ್ತಿರ ಒಳಗೆ ಬರುತ್ತಿದ್ದರು. ಬೇಕಂತಲೇ ತಡ ಮಾಡುತ್ತಾರೆ ಅಂತ ನನಗೆ ಕುದಿಯುತ್ತಿತ್ತು, ಜಗಳವೂ ಆಗುತ್ತಿತ್ತು. ಒಂದು ದಿನ ಕಿಟಕಿಯಿಂದ ನೋಡಿದೆ. ಗೇಟಿನ ಹೊರಗೆ ಸ್ಕೂಟರ್ ಆಫ್ ಮಾಡಿ, ಹೆಲ್ಮೆಟ್ ತೆಗೆಯದೆ, ಹ್ಯಾಂಡಲ್ ಹಿಡಿದುಕೊಂಡು ಸುಮ್ಮನೆ ಕೂತಿದ್ದರು. ಒಳಗೆ ಬಂದರೆ ಅಮ್ಮ "ನೀವ್ಯಾರು? ಮನೆಯವ್ರು ಇಲ್ಲ, ಆಮೇಲೆ ಬನ್ನಿ" ಅನ್ನುತ್ತಾರೆ ಅಂತ ಗೊತ್ತಲ್ಲ. ಹದಿನೈದು ನಿಮಿಷ ಹಾಗೇ ಕೂತಿದ್ದು ಆಮೇಲೆ ಗೇಟು ತೆಗೆದರು. ಅದನ್ನು ನೋಡಿದ ಮೇಲೆ ತಡ ಆಯ್ತು ಅಂತ ನಾನು ಮತ್ತೆ ಕೇಳಿಲ್ಲ.

ಈಗ ಬರೆಯಲು ಕಷ್ಟವಾದದ್ದು. 2022ರ ಡಿಸೆಂಬರ್. ರಾತ್ರಿ ಎರಡೂವರೆ. ಅತ್ತೆ ಮೂರನೇ ಸಲ ಒದ್ದೆ ಮಾಡಿಕೊಂಡು, ಹಾಸಿಗೆ ಬಟ್ಟೆಯನ್ನೆಲ್ಲ ಎಳೆದು ಬಾಗಿಲ ಹತ್ತಿರ ಗುಡ್ಡೆ ಹಾಕಿದ್ದರು. ಚಳಿ. ನಾನು ಬಿಸಿನೀರು ತಂದು ಒರೆಸಿ, ಸೀರೆ ಉಡಿಸುತ್ತಿದ್ದೆ. ಅವರು ಉಡಿಸಿದ್ದನ್ನು ಬಿಚ್ಚುತ್ತಿದ್ದರು. ನಾನು ನೆರಿಗೆ ಸಿಕ್ಕಿಸುವುದು, ಅವರು ಎಳೆಯುವುದು. ಐದನೇ ಸಲವೋ ಆರನೇ ಸಲವೋ ನಾನು ಅವರ ಮಣಿಕಟ್ಟು ಹಿಡಿದು ಒತ್ತಿದೆ. "ಸಾಕು, ಸಾಕು ಮಾಡಿ" ಅಂತ ಕಿರುಚಿದೆ. ಅತ್ತೆ ಕೈ ಬಿಡಿಸಿಕೊಳ್ಳಲೂ ಇಲ್ಲ, ನನ್ನನ್ನು ನೋಡಿ, "ಹೊಡಿಬೇಡ ಅಮ್ಮ" ಅಂದರು. ಅವರ ಚರ್ಮ ಈಗ ಈರುಳ್ಳಿ ಸಿಪ್ಪೆಯಷ್ಟು ತೆಳು. ಬೆಳಿಗ್ಗೆ ನೋಡಿದರೆ ನನ್ನ ಮೂರು ಬೆರಳು ಅಲ್ಲಿ ನೀಲಿಗಟ್ಟಿದ್ದವು. ಬಳೆ ಮೇಲೆ ಸರಿಸಿ ಅದನ್ನು ಮುಚ್ಚಿದೆ. ಇವರಿಗೆ ಹೇಳಲಿಲ್ಲ. ನಮ್ಮಮ್ಮನಿಗೂ ಹೇಳಲಿಲ್ಲ. ಕಲೆ ಹಳದಿಯಾಗಿ ಹೋಗುವ ತನಕ, ಸುಮಾರು ಹತ್ತು ದಿನ, ಸ್ನಾನ ಮಾಡಿಸುವಾಗ ಆ ಕೈಯನ್ನು ನೋಡಲಾಗದೆ ಬೇರೆ ಕಡೆ ನೋಡುತ್ತಿದ್ದೆ.

ನಾಲ್ಕು ತಿಂಗಳಾದ ಮೇಲೆ ಆ ಮಾತು ಬಾಯಿಗೆ ಬಂತು. ನಿಮ್ಹಾನ್ಸ್‌ಗೆ ಮತ್ತೆ ತೋರಿಸಲು ಹೋದಾಗ ಅಲ್ಲಿನ ಆಪ್ತಸಮಾಲೋಚಕಿಯೊಬ್ಬರು ಇವರನ್ನೂ ಅತ್ತೆಯನ್ನೂ ಹೊರಗೆ ಕೂರಿಸಿ ನನ್ನೊಬ್ಬಳನ್ನೇ ಒಳಗೆ ಕರೆದರು. ಕಾಯಿಲೆಯವರಿಗಲ್ಲ, ನೋಡಿಕೊಳ್ಳುವವರಿಗೆ ಅಂತಲೇ ಇರುವ 22 ಪ್ರಶ್ನೆಗಳ ಪಟ್ಟಿ. ಝಾರಿಟ್ ಪಟ್ಟಿ ಅನ್ನುತ್ತಾರೆ. ಪ್ರತಿ ಪ್ರಶ್ನೆಗೂ 0ಯಿಂದ 4ರ ತನಕ ಅಂಕ. ನಿಮಗಾಗಿ ಸಮಯ ಸಿಗುತ್ತಿಲ್ಲ ಅನ್ನಿಸುತ್ತಾ, ನಿಮ್ಮ ಆರೋಗ್ಯ ಕೆಟ್ಟಿದೆ ಅನ್ನಿಸುತ್ತಾ ಅಂತ ಕನ್ನಡದಲ್ಲಿ ಓದಿ ಓದಿ ಕೇಳಿದರು. ಅವರ ಹತ್ತಿರ ಇರುವಾಗ ನಿಮಗೆ ಸಿಟ್ಟು ಬರುತ್ತಾ ಅನ್ನುವ ಪ್ರಶ್ನೆ ಬಂತು. ಇಷ್ಟು ವರ್ಷದಲ್ಲಿ ನನ್ನನ್ನು ಅದನ್ನು ಕೇಳಿದ ಮೊದಲನೆಯ ಮನುಷ್ಯೆ ಅವರು. ಬೆರಳಚ್ಚಿನ ಕತೆ ಎಲ್ಲ ಹೇಳಿಬಿಟ್ಟೆ. ಅವರು ಪರವಾಗಿಲ್ಲ ಬಿಡಿ ಅನ್ನಲಿಲ್ಲ, ಛೀ ಅನ್ನಲೂ ಇಲ್ಲ. ಪೆನ್ನು ಕೆಳಗಿಟ್ಟು, "ನೀವು ಕೊನೇ ಸಲ ಆರು ಗಂಟೆ ಒಂದೇ ಸಮ ಮಲಗಿದ್ದು ಯಾವಾಗ?" ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. 88ಕ್ಕೆ ನನಗೆ 61 ಬಂತು. ಇಲ್ಲಿ ಅಂಕ ಹೆಚ್ಚಿದಷ್ಟೂ ಭಾರ ಹೆಚ್ಚು. ಆಕೆ ಇವರನ್ನು ಒಳಗೆ ಕರೆದು ಆ ಹಾಳೆಯನ್ನು ತೋರಿಸಿ, "ನಿಮ್ಮ ಮನೆಯಲ್ಲಿ ಇಬ್ಬರು ಪೇಷೆಂಟ್ ಇದ್ದಾರೆ, ಒಬ್ಬರಿಗಷ್ಟೇ ಔಷಧಿ ಬರೆದಿದೀವಿ" ಅಂದರು.

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಅಂದಾಜು. ನೂರಕ್ಕೆ 7ಕ್ಕಿಂತ ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಪೇಟೆಗಿಂತ ಹಳ್ಳಿಗಳಲ್ಲಿ ಜಾಸ್ತಿ. ಈ ಸಂಖ್ಯೆ ಓದಿದಾಗ ನನಗೆ ಕಂಡದ್ದು ರಾತ್ರಿ ಎರಡೂವರೆಗೆ ದೀಪ ಉರಿಯುವ ಮನೆಗಳು. ಬೆಂಗಳೂರಿನಲ್ಲಾದರೆ ನೈಟಿಂಗೇಲ್ಸ್ ಟ್ರಸ್ಟಿನಂಥವರ ಕೇಂದ್ರಗಳಿವೆ. ತೀರ್ಥಹಳ್ಳಿಯ ಹತ್ತು ಮೈಲಿ ಒಳಗಿನ ಮನೆಯಲ್ಲಿ ಒಬ್ಬಳೇ ಸೊಸೆ ಇದ್ದರೆ ಅವಳು ಯಾರನ್ನು ಕೇಳುತ್ತಾಳೆ? ಹಗಲು ಹೊತ್ತು ಬಿಟ್ಟು ಬರುವಂಥ ಒಂದು ಜಾಗ, ಅಂಗನವಾಡಿಯ ಹಾಗೆ, ತಾಲ್ಲೂಕಿಗೊಂದಾದರೂ ಬೇಕು. ಮಕ್ಕಳಿಗೆ ಬೇಕು ಅನ್ನುವುದನ್ನು ನಾವು ಎಂದೋ ಒಪ್ಪಿಕೊಂಡಿದ್ದೇವಲ್ಲ.

ಅಲ್ಲಿಂದ ಬಂದ ಮೇಲೆ ಮೈದುನನಿಗೆ ನಾನೇ ಫೋನ್ ಮಾಡಿದೆ. "ದುಡ್ಡು ಕಳಿಸ್ತೀಯ, ಅದು ದೊಡ್ಡದು. ಆದ್ರೆ ನನಗೆ ದಿನ ಬೇಕು ಕಣೋ. ತಿಂಗಳಲ್ಲಿ ಎರಡು ರಾತ್ರಿ ನೀನು ಬಂದು ಅಮ್ಮನ ಹತ್ರ ಮಲಗು" ಅಂದೆ. ಕೇಳುವಾಗ ನಾಲಿಗೆ ಒಣಗಿತ್ತು. ಅವನು ಬಂದ. ನಾನು ಮಗಳ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದೆ. ಮೊದಲ ಎರಡು ತಾಸು ಪ್ರತಿ ಸದ್ದಿಗೂ ಎದ್ದು ಕೂತೆ, ಆಮೇಲೆ ಏನೂ ಗೊತ್ತಿಲ್ಲ. ಏಳು ಗಂಟೆಗೆ ಹೊರಗೆ ಬಂದರೆ ಅವನು ಜಗುಲಿಯಲ್ಲಿ ಕೂತಿದ್ದ, ಕಣ್ಣು ಕೆಂಪಗೆ, ಅಂಗಿ ಒದ್ದೆ. ಅತ್ತೆ ಅವನ ಹೆಗಲಿಗೆ ಒರಗಿ ಆಗಷ್ಟೇ ನಿದ್ದೆ ಹೋಗಿದ್ದರು. "ಅತ್ತಿಗೆ, ದಿನಾ ಹೀಗೇನಾ?" ಅಂತ ಪಿಸುಗುಟ್ಟಿದ. ಆ ಪ್ರಶ್ನೆ ಕೇಳಲು ಯಾರಾದರೂ ಒಂದು ರಾತ್ರಿ ನಮ್ಮನೆಯಲ್ಲಿ ಎಚ್ಚರ ಇರಬೇಕಿತ್ತು. ಎರಡು ವರ್ಷದಿಂದ ಬರುತ್ತಿದ್ದಾನೆ, ಒಂದೆರಡು ಸಲ ಮಾತ್ರ ತಪ್ಪಿದೆ. ಈಗ ಸರದ ಮಾತು ಬಂದರೆ ಉತ್ತರ ಕೊಡುವವನು ಅವನೇ.

ಈ ಶನಿವಾರ ಹುಬ್ಬಳ್ಳಿಯಿಂದ ನಾದಿನಿ ಬರುತ್ತಿದ್ದಾಳೆ, ಮೊದಲ ಸಲ ಮೂರು ದಿನ ಒಬ್ಬಳೇ ನೋಡಿಕೊಳ್ಳಲು. ನಾನೂ ಇವರೂ ತವರಿಗೆ ಹೋಗಿ ಬರುವುದು ಅಂತ. ಮಾತ್ರೆ ಪಟ್ಟಿ, ಡಾಕ್ಟರ ನಂಬರು ಎಲ್ಲ ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ಉಳಿದದ್ದನ್ನು ಒಂದು ಹಾಳೆಯಲ್ಲಿ ಬರೆಯುತ್ತಿದ್ದೇನೆ.

ಗ್ಯಾಸಿನ ರೆಗ್ಯುಲೇಟರ್ ರಾತ್ರಿ ತೆಗೆದಿಡು. ಕತ್ತರಿ ಬೀರುವಿನ ಮೇಲಿದೆ, ಅಲ್ಲೇ ಇರಲಿ. ಮಧ್ಯಾಹ್ನ ಸುಮ್ಮನೆ ಕೂರಿಸಬೇಡ. ಚಿಂದಿ ಬಟ್ಟೆಯ ಬುಟ್ಟಿ ಕೊಡು, ಬಣ್ಣ ಬಣ್ಣ ಬೇರೆ ಮಾಡುತ್ತಾರೆ. ಮುಗಿದ ಮೇಲೆ ಅವರು ನೋಡದ ಹಾಗೆ ಮತ್ತೆ ಕಲೆಸಿಡು. ಅನ್ನ ಮೆತ್ತಗೆ ಕಲಸಿ ಅವರ ಕೈಗೇ ತುತ್ತು ಕೊಡು, ನೀನು ಬಾಯಿಗಿಟ್ಟರೆ ಉಗಿಯುತ್ತಾರೆ. ನಿನ್ನನ್ನು ಗುರುತು ಹಿಡಿಯದಿದ್ದರೆ ನೆನಪು ಮಾಡಿಸಲು ಹೋಗಬೇಡ. ಅಮ್ಮ ಅನ್ನು, ಸಾಕು. ನಾನು ಊಟ ಹಾಕಲಿಲ್ಲ ಅಂತ ಹೇಳಿದರೆ ಹೌದಾ ಅನ್ನು, ಒಂದು ಬಾಳೆಹಣ್ಣು ಕೊಡು. ನಿನಗೆ ಸಿಟ್ಟು ಬಂದರೆ ಕೈ ಹಿಂದೆ ಕಟ್ಟಿಕೊಂಡು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿ, ಆಮೇಲೆ ಬಾ. ಎಷ್ಟು ಹೊತ್ತಾದರೂ ಸರಿ, ಫೋನ್ ಮಾಡು.

ಐದೂವರೆಗೆ ಗಂಟು ಕಟ್ಟುತ್ತಾರೆ. ಬಿಚ್ಚಬೇಡ, ಹಾಗೇ ಇರಲಿ. ಬಾಗಿಲಿಗೆ ಅಡ್ಡ ನಿಲ್ಲಬೇಡ. ನಿನ್ನ ಚಪ್ಪಲಿ ಹಾಕಿಕೊಂಡು ಅವರ ಎಡಗಡೆ ನಡೆ, ಬಲ ಕಿವಿ ಕೇಳುವುದಿಲ್ಲ. ಹಾಲಿನ ಬೂತಿನ ತನಕ ಹೋಗಿ ತಿರುಗು. ಕೆಂಪಿ ಬಂದ್ಲಾ ಅಂತ ಕೇಳುತ್ತಾರೆ. ಬಂದ್ಲು ಅನ್ನು.